ಜಗಳೂರಿನ ಮುದುಕಿ ಕೇಳಿದ ಊಟ

ಹೊನ್ನಾಳಿಯಲ್ಲಿ ಸ್ವಾತಂತ್ರ್ಯ ಬಂದ ವರ್ಷ ಹೊಸ ಜವಾಬ್ದಾರಿ ಸರ್ಕಾರದ ಸಂಭ್ರಮದ ಸಭೆಗೆ ಜಗಳೂರಿನಿಂದ ಬಂದ ಮುದುಕಿಯೊಬ್ಬರನ್ನು ನಮ್ಮ ಮನೆಯಲ್ಲಿ ಇಳಿಸಿದ್ದರು. ನಮ್ಮದು ದೊಡ್ಡ ದೇಶಭಕ್ತರ ಮನೆಯೆಂದು ಹೆಸರಾಗಿತ್ತಲ್ಲ! ಆ ಮುದುಕಿಯ ಮಗ ಸ್ವಾತಂತ್ರ್ಯ ಚಳವಳಿಗೆ ಬಿದ್ದು, ಜೈಲಿನಲ್ಲೇ ತೀರಿಕೊಂಡಿದ್ದ.

ಊಟಕ್ಕೆ ಕೂತವರು ಅವ್ವನನ್ನು ಕೇಳಿದರು: "ಪೊಲೀಸ್ರು ಹಿಡಿದ ದಿನ ನನ್ನ ಮಗ ನಿಮ್ಮನೆಗೆ ಬಂದಿದ್ನಂತೆ. ಏನು ಉಂಡ್ನೇ ತಾಯಿ?"

"ರೊಟ್ಟಿ, ಬೆಣ್ಣೆ. ಹೊಟ್ಟೆ ತುಂಬ ಉಂಡು ಹೋದ್ನವ್ವಾ."

"ಹಂಗಾದ್ರೆ ಈ ಹೋಳಿಗೆ ಬ್ಯಾಡ. ನಂಗೂ ಅದನ್ನೇ ನೀಡು."

ಉಂಡೆದ್ದು ಅವ್ವನ ತಲೆ ಸವರಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದು ಹರಸಿದರು.

ಅವ್ವ ನನ್ನ ಮುಖ ನೋಡಲಿಲ್ಲ. ಆ ದಿನ ಅವನು "ಒಂದು ರೊಟ್ಟಿ ಕೊಡ್ರವ್ವಾ" ಎಂದು ಬಾಗಿಲು ಬಡಿಯುತ್ತಿದ್ದಾಗ, ಪೊಲೀಸರಿಗೆ ಹೆದರಿದ ಅವ್ವ ಕಣ್ಸನ್ನೆ ಮಾಡಿದ್ದಳು. ಒಳಗಿನಿಂದ ಅಗಳಿ ಹಾಕಿದವಳು ನಾನು.