ಅಜ್ಜಿಗೆ ಹೇಳಬೇಕಾಗಿದ್ದ ಮಾತು

ನನ್ನ ಉಮ್ಮ ಮಸ್ಕತ್ತಿನವರು. ಅಲ್ಲಿ ಅಂಗಡಿ ಇಟ್ಟಿದ್ದ ಉಪ್ಪನನ್ನು ಮದುವೆಯಾಗಿ, ನನಗೆ ಐದು ತುಂಬಿದಾಗ ಉಪ್ಪನ ಊರು ಬೆಳ್ಳಾರೆಗೆ ಬಂದವರು. ಮನೆಯಲ್ಲಿ ಅವರೊಡನೆ ಅರಬ್ಬಿ ಆಡುತ್ತಿದ್ದವಳು ನಾನೊಬ್ಬಳೇ. ಬಾ, ತಿನ್ನು, ತಲೆ ಒರೆಸಿಕೋ, ಇಷ್ಟೇ ನಮ್ಮ ಅರಬ್ಬಿ. ದೊಡ್ಡ ವಿಷಯ ಬಂದರೆ ಇಬ್ಬರೂ, ಉಮ್ಮ ಇಲ್ಲಿಗೆ ಬಂದು ಕಲಿತ ಬ್ಯಾರಿ ಭಾಷೆಗೆ ಜಾರುತ್ತಿದ್ದೆವು. ಆದರೂ ನೆರೆಕರೆಯವರಿಗೆ ನಾನು ಪಂಡಿತೆ! ಗಲ್ಫಿನ ಮದ್ದಿನ ಪೆಟ್ಟಿಗೆ ಹಿಡಿದು, "ಇದ್ರಲ್ಲಿ ಎಂತ ಬರೆದದ್ದು, ಸ್ವಲ್ಪ ನೋಡು ಮಾರಾಯ್ತಿ" ಎಂದು ಬರುತ್ತಿದ್ದರು. ಮದ್ರಸದಲ್ಲಿ ಕಲಿತ ಅಕ್ಷರವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅರ್ಥ? ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ಇರುತ್ತಿತ್ತು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಆ ಗೌಡ ನಾನೇ.

ಹೋದ ವರ್ಷ ಒಂದು ಬೆಳಿಗ್ಗೆ ಉಮ್ಮ ರೊಟ್ಟಿ ತಟ್ಟುತ್ತಿದ್ದಲ್ಲೇ ಕುಸಿದರು. ಪುತ್ತೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ದಫನದ ಮೊದಲು ಮಸ್ಕತ್ತಿನಲ್ಲಿರುವ ಅಜ್ಜಿಗೆ ತಿಳಿಸಬೇಕಿತ್ತು. ಅವರಿಗೆ ಇದ್ದದ್ದು ಒಬ್ಬಳೇ ಮಗಳು. ಉಪ್ಪ ಫೋನನ್ನು ನನ್ನ ಕೈಗೆ ಕೊಟ್ಟರು.

"ನೀನೇ ಹೇಳು ಮಗಳೇ. ನಂದು ಅಂಗಡಿ ಅರಬ್ಬಿ, ಕ್ರಯ ಹೇಳ್ಲಿಕ್ಕೆ ಮಾತ್ರ ಆಗುದು. ನಿಂಗೆ ಬರ್ತದಲ್ಲ?"

ಬರುತ್ತದೆ ಅಂತಲೇ ನಾನೂ ನಂಬಿದ್ದೆ.

ವೀಡಿಯೊದಲ್ಲಿ ಅಜ್ಜಿ ನಗುತ್ತಾ ಬಂದರು. "ಎಲ್ಲಿ ನಿನ್ನ ಉಮ್ಮ?" ಎಂದರು. ಯಾ ಅಲ್ಲಾಹ್, ಸಾವಿನ ಮಾತನ್ನು ನನಗೆ ಯಾರೂ ಕಲಿಸಿರಲಿಲ್ಲ! ಕೊನೆಗೆ, ಯಾರು ತೀರಿಹೋದರೂ ನಾವೆಲ್ಲ ಹೇಳುವ "ಇನ್ನಾ ಲಿಲ್ಲಾಹಿ"ಯನ್ನೇ ಹೇಳಿದೆ. ಅಜ್ಜಿಗೆ ಅಷ್ಟೇ ಸಾಕಾಯಿತು. ಅತ್ತರು. ಆಮೇಲೆ ಕೇಳತೊಡಗಿದರು: ನೋವಾಯಿತಾ, ಹತ್ತಿರ ಯಾರಿದ್ದರು, ನನ್ನನ್ನು ನೆನೆದಳಾ?

ಕೇಳಿದ್ದೆಲ್ಲ ಅರ್ಥವಾಯಿತು. ಅರ್ಥವಾಗದಿದ್ದರೆ ಎಷ್ಟೋ ವಾಸಿಯಿತ್ತು. ಉಮ್ಮ ನೆನೆದಿದ್ದರು! ಹಿಂದಿನ ಸಂಜೆಯೇ, "ನನ್ನ ಉಮ್ಮನನ್ನು ಒಬ್ಬಳನ್ನೇ ಬಿಟ್ಟು ಬಂದದ್ದು ತಪ್ಪಾಯ್ತೋ ಎಂತದೋ" ಎಂದು ಕಣ್ಣೊರೆಸಿಕೊಂಡಿದ್ದರು. ಅದನ್ನು ಹೇಳಿದ್ದು ಬ್ಯಾರಿಯಲ್ಲಿ. ಅಜ್ಜಿಗೆ ದಾಟಿಸಲು ಬೇಕಾದ ಅರಬ್ಬಿ ನನ್ನಲ್ಲಿ ಒಂದು ಚೂರೂ ಇರಲಿಲ್ಲ. "ಉಮ್ಮ... ಉಮ್ಮ..." ಎಂದು ತಡವರಿಸಿ ನಿಂತೆ. ಉಪ್ಪ ನನ್ನ ಬಾಯನ್ನೇ ನೋಡುತ್ತಿದ್ದರು.

ಅಜ್ಜಿ ಪ್ರಶ್ನೆ ನಿಲ್ಲಿಸಿದರು. ಮುಖ ಒರೆಸಿಕೊಂಡು, ಐದು ವರ್ಷದ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಕೇಳಿದರು: "ನೀನು ಏನಾದರೂ ತಿಂದೆಯಾ?"

ಬೆಳಗಿನಿಂದ ನೀರೂ ಕುಡಿದಿರಲಿಲ್ಲ. "ತಿಂದೆ" ಎಂದೆ. ಅದೊಂದು ಸುಳ್ಳು ಮಾತ್ರ ಸರಿಯಾದ ಅರಬ್ಬಿಯಲ್ಲಿ ಬಂತು.