ಒಣ ಡ್ರಮ್ಮಿನ ಧೂಳು

ಶಿವಾಜಿನಗರದ ಮುಕ್ತಾರ್ ಸಾಹೇಬರು ಜೀವಮಾನವಿಡೀ ಹಳೆಯ ಕಾರುಗಳ ಬ್ರೇಕ್ ಡ್ರಮ್ಮುಗಳನ್ನು ಬಿಚ್ಚಿ, ನೆಲಕ್ಕೆ ಕುಟ್ಟಿ, ಒಳಗಿನ ಧೂಳನ್ನು ಬಾಯಿಂದಲೇ ಊದಿ ಶುಚಿಮಾಡಿದವರು. ಆ ಗಲ್ಲಿಯಲ್ಲಿ ಎಲ್ಲರ ಪದ್ಧತಿಯೂ ಅದೇ ಆಗಿತ್ತು. ಆ ಧೂಳಿನಲ್ಲಿ ತುಕ್ಕಿನ ಜೊತೆಗೆ ಸವೆದ ಬ್ರೇಕ್ ಲೈನಿಂಗಿನ ಕಲ್ನಾರೂ, ಅಂದರೆ ಆಸ್ಬೆಸ್ಟಾಸೂ, ಇರುತ್ತದೆಂದು ಕಾರುಗಳ ಒಡೆಯರಲ್ಲಿ ಒಬ್ಬರೂ ಅವರಿಗೆ ತಿಳಿಸಲಿಲ್ಲ. ಶ್ವಾಸಕೋಶ ಗಟ್ಟಿಯಾದ ಮೇಲೆ ವೈದ್ಯರು ತಿಳಿಸಿದರು. ಈಗ ಅವರು ಅಂಗಡಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು, ಒಂದು ಮಾತನ್ನು ಎರಡು ಉಸಿರಿನಲ್ಲಿ ಮುಗಿಸುತ್ತಾರೆ. ಕೆಲಸವೆಲ್ಲ ಮಗ ವಾಜಿದನದು. ತಂದೆ ಅವನಿಗೆ ವಿಧಿಸಿದ ನಿಯಮ ಒಂದೇ: ಸೋಪಿನ ನೀರಿನಲ್ಲಿ ನೆನೆಸದೆ ಡ್ರಮ್ ಉಜ್ಜಕೂಡದು.

ಇಂದಿರಾನಗರದ ಲಕ್ಷ್ಮಿಕಾಂತರು ಪ್ರೀತಿಯಿಂದ ಸಾಕಿಕೊಂಡಿದ್ದ ಅರುವತ್ತರ ದಶಕದ ಕಾರು ಮಳೆಗಾಲವೆಲ್ಲ ನಿಂತಲ್ಲೇ ನಿಂತು, ಡ್ರಮ್ಮುಗಳಿಗೆ ತುಕ್ಕು ಹಿಡಿದಿತ್ತು. ವಾಜಿದ್ ಮುಂದಿನ ಎರಡನ್ನು ನೆನೆಸಿ, ಉಜ್ಜಿ, ಒರೆಸಿಟ್ಟ. ಬೆಳಗಾಗುವಷ್ಟರಲ್ಲಿ ಅವುಗಳ ಮೇಲೆ ಮತ್ತೆ ತೆಳ್ಳನೆಯ ಕೆಂಪು.

"ಏನ್ರೀ ಇದು, ಕುಂಕುಮಾರ್ಚನೆ ಮಾಡಿಸಿದ್ದೀರಾ?" ಎಂದರು ಲಕ್ಷ್ಮಿಕಾಂತರು.

"ನೀರು ತಾಗಿದ್ದಕ್ಕೆ ಸರ್," ಎಂದು ಮುಕ್ತಾರ್ ಉಸಿರೆಳೆದುಕೊಂಡರು. "ಓಡಿಸಿ ನಾಲ್ಕು ಸಲ ಬ್ರೇಕ್ ಒತ್ತಿದ್ರೆ ಹೋಗುತ್ತೆ."

"ಇವತ್ತು ಹಳೇ ಕಾರಿನ ರಿಪೇರಿ ಫೋಟೋ ತೆಗೆಯೋಕೆ ಪತ್ರಿಕೆಯೋರು ಬರ್ತಿದ್ದಾರೆ, ಬಿಚ್ಚಿದ ಡ್ರಮ್ಮೇ ತೋರಿಸ್ಬೇಕು. ಹಿಂದಿನ ಎರಡನ್ನಾದ್ರೂ ಒಣಗಿದ್ದ ಹಾಗೇ ಉಜ್ಜಿ ಕೊಡ್ರಪ್ಪ. ಇಲ್ಲಾಂದ್ರೆ ಹಲಸೂರಿನ ಗ್ಯಾರೇಜಿಗೆ ತಗೊಂಡ್ಹೋಗ್ತೀನಿ."

ಹಾಗೆಂದು ಅವರು ಚಹಾ ಕುಡಿಯಲು ಎದುರಿನ ಹೋಟೆಲಿಗೆ ಹೋದರು.

ವಾಜಿದ್ ಉಪ್ಪುಕಾಗದ ಕೈಗೆತ್ತಿಕೊಂಡ. "ಇದೊಂದ್ಸಲ ಅಬ್ಬಾ. ಇರೋ ನಾಲ್ಕು ಗಿರಾಕಿಲಿ ಇವ್ರೂ ಹೋದ್ರೆ ಅಂಗಡೀಲಿ ಕೂತು ನಾವೇ ಫೋಟೋ ತೆಗೆಸ್ಕೋಬೇಕು."

ಮುಕ್ತಾರ್ ಒದ್ದೆ ಬಟ್ಟೆ ಹಿಡಿದು ಎದ್ದರು. ಒಳಕ್ಕೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಕೆಮ್ಮು ಹಿಡಿಯಿತು. ಬೇಡವೆನ್ನಲು ಕೈಯೆತ್ತಿದರು; ವಾಜಿದ್ ಅತ್ತ ಬೆನ್ನು ಹಾಕಿದ್ದ. ಅವನು ಉಜ್ಜಿದ, ಡ್ರಮ್ಮನ್ನು ಬೋರಲು ಹಾಕಿ ನೆಲಕ್ಕೆ ಕುಟ್ಟಿದ, ಮತ್ತೆ ಎತ್ತಿ, ಯೋಚಿಸದೆ, ಕೆನ್ನೆ ಉಬ್ಬಿಸಿ ಊದಿದ. ಚಿಕ್ಕಂದಿನಿಂದ ತಂದೆ ಮಾಡುವುದನ್ನು ಕಂಡದ್ದನ್ನೇ ಅವನ ಬಾಯಿ ತಾನಾಗಿ ಮಾಡಿತ್ತು. ಬೆಳಗಿನ ಬಿಸಿಲಿನಲ್ಲಿ ಧೂಳು ನಿಧಾನವಾಗಿ ತೇಲಿತು.

ಲಕ್ಷ್ಮಿಕಾಂತರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಒಳಬಂದು, ಹೊಳೆಯುವ ಡ್ರಮ್ ನೋಡಿ, "ಹೀಗಿರ್ಬೇಕು," ಎಂದರು. ಯಾವ ಧೂಳಿಗೆ ಮೂಗು ಮುಚ್ಚಬೇಕೆಂಬುದು ಅವರಿಗೆ ತಿಳಿದೇ ಇತ್ತು.

ಮುಕ್ತಾರ್ ಕೊನೆಗೂ ಮಗನನ್ನು ತಲುಪಿದರು. ಒದ್ದೆ ಬಟ್ಟೆಯಿಂದ ಅವನ ತುಟಿ, ಮೂಗು, ಹುಬ್ಬುಗಳನ್ನು ಕೂಸಿಗೆ ಒರೆಸುವಂತೆ ಒರೆಸಿದರು. ಬಟ್ಟೆ ಬೂದುಬಣ್ಣಕ್ಕೆ ತಿರುಗಿತು.

"ಬಿಡಿ ಅಬ್ಬಾ, ಎಲ್ಲ ಹೋಯ್ತು."

"ಮುಖದ್ದು ಹೋಯ್ತು," ಎಂದರು ಮುಕ್ತಾರ್. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.