ಚಂದ್ರಾಮ ಮೂರು ಆಂಬುಲೆನ್ಸ್ ಹತ್ತಿದ್ದು

ಸಿಂದಗಿಯ ಚಂದ್ರಾಮ ಹನ್ನೊಂದು ವರ್ಷ ಆಂಬುಲೆನ್ಸ್ ಓಡಿಸಿದವನು. ಮಾತು ಕಡಿಮೆ, ದನಿ ಅದಕ್ಕಿಂತ ಕಡಿಮೆ. ಎರಡು ಸಾವಿರದ ಹನ್ನೆರಡರಲ್ಲಿ ಅವನ ಹೆಂಡತಿ ಶರಣಬಸಮ್ಮನಿಗೆ ಕಲ್ಯಾಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಇಬ್ಬರೂ ಡೊಂಬಿವಲಿಯ ಚಾಳೊಂದರಲ್ಲಿ ಮನೆ ಹಿಡಿದರು. ಆಕೆ ಮರುದಿನವೇ ಡ್ಯೂಟಿಗೆ ಹೋದಳು, ಈತ ಕಿಟಕಿಯಲ್ಲಿ ಕೂತು ಲೋಕಲ್ ಟ್ರೇನುಗಳನ್ನು ನೋಡಿದ. ನಾಲ್ಕು ದಿನ ನೋಡಿದ ಮೇಲೆ ಶರಣಬಸಮ್ಮನೇ ಬಾಯಿಬಿಟ್ಟಳು.

"ಇಲ್ಲಿ ಆಂಬುಲೆನ್ಸ್ ಇಟ್ಟಾವ್ರು ಓಣಿಗೊಬ್ರದಾರ. ಮೊದಲ ಸಿಕ್ಕಾವ್ರ ಕಡೆ ಹೋಗಿ ಕುಂದರಬ್ಯಾಡ್ರಿ. ಒಂದೊಂದು ದಿನ ಹೊಡದು ನೋಡ್ರಿ. ಸಂಜಿಕಿ ನನಗ ಒಂದ ಮಾತು ಹೇಳ್ರಿ, ಪೇಷಂಟ್ ದವಾಖಾನಿ ಹೆಂಗ ಮುಟ್ಟಿದ ಅಂತ."

ಚಂದ್ರಾಮ ಮೊದಲು ಹೋದದ್ದು ಸ್ಟೇಷನ್ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ಉಡುಪಿಯ ಯಜ್ಞೇಶ್ವರ ಭಟ್ಟರ ಬಳಿ. ಭಟ್ಟರು ತಮ್ಮ ತಂದೆಯ ನೆನಪಿಗೆ ಒಂದು ಆಂಬುಲೆನ್ಸ್ ಕೊಂಡಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಹೋಟೆಲಿನವರ ಕಣ್ಣಿಗೆ ಖಾಲಿ ನಿಂತ ಗಾಡಿ ಸಹಿಸದು. ಚಂದ್ರಾಮ ಬೆಳಿಗ್ಗೆ ಹಿಂದಿನ ಬಾಗಿಲು ತೆಗೆದರೆ ಸ್ಟ್ರೆಚರಿನ ಮೇಲೆ ಇಡ್ಲಿಯ ದೊಡ್ಡ ಪಾತ್ರೆ ಮಲಗಿತ್ತು, ಅದಕ್ಕೆ ಬೆಲ್ಟು ಬೇರೆ ಕಟ್ಟಿತ್ತು.

"ಈ ಹೊತ್ತಿಗೆ ಪೇಷಂಟ್ ಇರೂದಿಲ್ಲ ಮಾರಾಯ್ರೆ. ಠಾಣೆಯಲ್ಲಿ ಒಂದು ಮುಂಜಿ ಉಂಟು, ಇಷ್ಟು ಇಡ್ಲಿ ಕೊಟ್ಟು ಬನ್ನಿ" ಎಂದರು ಭಟ್ಟರು.

ಅರ್ಧ ದಾರಿಯಲ್ಲಿ ಫೋನು ಬಂತು. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜನೊಬ್ಬನನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು. ಚಂದ್ರಾಮ ಪಾತ್ರೆಯನ್ನು ಕೆಳಗಿಳಿಸಿ ಅಜ್ಜನನ್ನು ಮೇಲೆ ಮಲಗಿಸಿದ. ಎರಡು ಸಿಗ್ನಲ್ ದಾಟುವವರೆಗೆ ಹಿಂದಿನಿಂದ ನರಳಾಟ ಕೇಳಿಸುತ್ತಿತ್ತು, ಆಮೇಲೆ ನಿಂತಿತು. ಗಾಬರಿಯಾಗಿ ತಿರುಗಿ ನೋಡಿದರೆ ಅಜ್ಜ ಮಲಗಿದಲ್ಲಿಂದಲೇ ಕೈ ಇಳಿಬಿಟ್ಟು ಪಾತ್ರೆಯ ಮುಚ್ಚಳ ಸರಿಸಿದ್ದ. ಚಟ್ನಿ ಇಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಂಟು ಇಡ್ಲಿ ಮುಗಿದಿದ್ದವು. ಸೊಂಟದ ಆಪರೇಷನ್ನಿಗೆ ಖಾಲಿ ಹೊಟ್ಟೆಯಲ್ಲಿ ಇರಬೇಕಿತ್ತಂತೆ. ಡಾಕ್ಟರು ತಲೆ ಚಚ್ಚಿಕೊಂಡು ಮರುದಿನಕ್ಕೆ ಹಾಕಿದರು. ಅತ್ತ ಮುಂಜಿ ಮನೆಯಲ್ಲಿ ವಟುವಿನ ಸೋದರಮಾವನಿಗೆ ಇಡ್ಲಿ ಸಾಲಲಿಲ್ಲವೆಂದು ಅವನು ಮುನಿಸಿಕೊಂಡು ಕೊಡೆ ಹಿಡಿದು ಹೊರಟೇಬಿಟ್ಟಿದ್ದ.

ಶರಣಬಸಮ್ಮ ಇದನ್ನೆಲ್ಲ ಪೂರ್ತಿ ಕೇಳಿದಳು. ನಾಳೆ ಇನ್ನೊಂದು ಕಡೆ ಹೋಗಿರಿ ಎಂದಳು.

ಆ ಇನ್ನೊಂದು ಕಡೆ ಐರೋಲಿಯ ಗಾಜಿನ ಕಟ್ಟಡದಲ್ಲಿತ್ತು. ಅಲ್ಲಿ ಡ್ರೈವರನಿಗೆ ಡ್ರೈವರ್ ಅನ್ನುವಂತಿಲ್ಲ, ಪೈಲಟ್ ಅನ್ನಬೇಕು. ಚಂದ್ರಾಮನಿಗೆ ಇದು ಬಹಳ ಹಿಡಿಸಿತು. ಅಲ್ಲಿಂದಲೇ ಸಿಂದಗಿಯ ಅತ್ತೆಗೆ ಫೋನು ಮಾಡಿ, ತಾನು ಪೈಲಟ್ ಆಗುವ ಹಾಗೆ ಕಾಣುತ್ತದೆ ಎಂದು ತಿಳಿಸಿದ. ಮಧ್ಯಾಹ್ನದೊಳಗೆ ಅತ್ತೆಯ ಇಬ್ಬರು ನೆಂಟರು ಫೋನು ಮಾಡಿ, ಕಿಟಕಿ ಪಕ್ಕದ ಸೀಟು ಹಿಡಿದಿಡಲು ಹೇಳಿದರು.

ಕಂಪನಿಯವರು ಅವನ ಕೊರಳಿಗೆ ಟೈ ಕಟ್ಟಿದರು. ಕೈಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಹದಿನಾಲ್ಕು ಸಾಲು ಇಂಗ್ಲಿಷಿತ್ತು. ಪೇಷಂಟನ್ನು ಎತ್ತುವ ಮೊದಲು ಅಷ್ಟನ್ನೂ ನಗುಮುಖದಿಂದ ಓದಿ ಹೇಳಬೇಕು, ಕೊನೆಗೆ ಸಹಿ ಹಾಕಿಸಿಕೊಳ್ಳಬೇಕು, ಇದು ನಿಯಮ.

ಕರೆ ಬಂದದ್ದು ಸಾನಪಾಡಾದಿಂದ. ಅಲ್ಲಿ ಅಜ್ಜಿಯೊಬ್ಬಳು ಬಿಪಿ ಏರಿ ತಲೆ ತಿರುಗಿ ಮಲಗಿದ್ದಳು. ಚಂದ್ರಾಮ ಮಂಚದ ಪಕ್ಕ ನಿಂತು ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದ. ಒಂಬತ್ತನೆಯ ಸಾಲಿನಲ್ಲಿ ಮಾರುದ್ದದ ಒಂದು ಪದ ಅಡ್ಡ ಬಂತು. ಅದನ್ನು ಮೂರು ಕಡೆಯಿಂದ ಸುತ್ತುವರಿದರೂ ಒಳಗೆ ಹೊಗಲಾಗಲಿಲ್ಲ. ಬೆವರು ಒರೆಸಿಕೊಂಡು, ಹೇಗೋ ಹದಿನಾಲ್ಕನೆಯ ಸಾಲು ಮುಗಿಸಿ, ನಗುತ್ತ ತಲೆ ಎತ್ತಿದರೆ ಮಂಚ ಖಾಲಿಯಿತ್ತು. ಸೊಸೆ ಅಜ್ಜಿಯನ್ನು ಯಾವಾಗಲೋ ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಟಿದ್ದಳು. ಚಂದ್ರಾಮ ಸೈರನ್ ಹಾಕಿ ರಿಕ್ಷಾದ ಬೆನ್ನು ಹತ್ತಿದ. ರಿಕ್ಷಾದವನು ಆಂಬುಲೆನ್ಸಿಗೆ ದಾರಿ ಬಿಡೋಣವೆಂದು ಸಭ್ಯತೆಯಿಂದ ಪಕ್ಕಕ್ಕೆ ನಿಂತ. ಇವನೂ ಅದರ ಹಿಂದೆ ನಿಂತ. ಹೀಗೆ ಮೂರು ಸಲ ನಡೆಯಿತು. ಕೊನೆಗೆ ಆಸ್ಪತ್ರೆಯ ಬಾಗಿಲಲ್ಲಿ ಸಹಿ ಕೇಳಿದಾಗ ಅಜ್ಜಿ, ಹುಡುಗ ಚೆನ್ನಾಗಿ ಓದುತ್ತಾನೆ ಎಂದು ಬರೆಸಿ ಹೆಬ್ಬೆಟ್ಟು ಒತ್ತಿದಳು. ಕಂಪನಿಯವರಿಗೆ ಬಹಳ ಖುಷಿಯಾಯಿತು. ನಾಳೆಯಿಂದಲೇ ಸೇರು ಎಂದರು.

"ಪೇಷಂಟ್ ಮುಟ್ಟಿದಳಾ?" ಎಂದಳು ಶರಣಬಸಮ್ಮ.

"ಮುಟ್ಟಿದಳು. ಆಮ್ಯಾಲ ನಾ ಮುಟ್ಟಿದೆ."

ಟೈ ಬಿಚ್ಚಲು ಅವನಿಗೆ ಮನಸ್ಸಿರಲಿಲ್ಲ, ಬಿಚ್ಚಲು ಬರುತ್ತಲೂ ಇರಲಿಲ್ಲ. ಶರಣಬಸಮ್ಮ ಕತ್ತರಿ ತಂದಳು. ಕತ್ತರಿಸುತ್ತಲೇ, ಬದಲಾಪುರದಲ್ಲಿ ಜಾನಕಿ ಎಂಬ ಕನ್ನಡದ ಹೆಂಗಸೊಬ್ಬಳು ಆಂಬುಲೆನ್ಸ್ ಇಟ್ಟಿದ್ದಾಳೆ, ನಮ್ಮ ಕ್ಯಾಶುವಾಲ್ಟಿಯವರು ಅವಳ ಮಾತಾಡುತ್ತಾರೆ, ಅದೊಂದನ್ನು ನೋಡಿ ಬನ್ನಿ ಎಂದಳು.

ಜಾನಕಮ್ಮ ಮೈಸೂರಿನವರು. ಮದುವೆಯಾಗಿ ಬದಲಾಪುರಕ್ಕೆ ಬಂದು ಮೂವತ್ತು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಸ್ಕೂಲ್ ವ್ಯಾನ್ ನಡೆಸಿ, ಕೊನೆಗೆ ಅದಕ್ಕೇ ಬಿಳಿ ಬಣ್ಣ ಬಳಿಸಿ ಆಂಬುಲೆನ್ಸ್ ಮಾಡಿದ್ದರು. ಅಲ್ಲಲ್ಲಿ ಹಳದಿ ಇಣುಕುತ್ತಿತ್ತು. ಸೈರನ್ ಸುಟ್ಟುಹೋಗಿ ವರ್ಷವಾಗಿತ್ತು. ಮತ್ತೆ ಜನ ದಾರಿ ಬಿಡುವುದು ಹೇಗೆ ಎಂದು ಚಂದ್ರಾಮ ಮೆಲ್ಲಗೆ ಕೇಳಿದ.

"ನೀನು ಗಾಡಿ ನೋಡ್ಕೋಪ್ಪ. ದಾರಿ ನಾನು ನೋಡ್ಕೋತೀನಿ" ಎಂದು ಜಾನಕಮ್ಮ ಪಕ್ಕದ ಸೀಟಿನಲ್ಲಿ ಕೂತು ಕೈಮೈಕು ತೊಡೆಯ ಮೇಲಿಟ್ಟುಕೊಂಡರು.

ಅಂದಿನ ಪೇಷಂಟು ಔಷಧದ ಅಂಗಡಿಯ ಕಿಟ್ಟಣ್ಣ. ಮೂತ್ರಪಿಂಡದ ಕಲ್ಲಿನ ನೋವಿನಿಂದ ಹಾವಿನಂತೆ ಹೊರಳುತ್ತಿದ್ದ. ಅವನನ್ನು ಕಲ್ಯಾಣಕ್ಕೆ ಒಯ್ಯಬೇಕು. ಮುಖ್ಯ ರಸ್ತೆಗೆ ಬಂದದ್ದೇ ಎದುರಿಗೆ ಬೈಕು ಅಡ್ಡ ನಿಲ್ಲಿಸಿಕೊಂಡು ಮೀಸೆಯ ಗಂಡಸೊಬ್ಬ ಫೋನಿನಲ್ಲಿದ್ದ. ಜಾನಕಮ್ಮ ಮೈಕು ಎತ್ತಿದರು.

"ಏ ಮಂಗೇಶಾ, ಗಾಡಿ ಬಾಜೂಲಾ ಘೇ."

ಮೀಸೆಯವನು ಬೆಚ್ಚಿ, "ಸಾರಿ ಕಾಕೂ" ಎಂದು ಬೈಕನ್ನು ಚರಂಡಿಯವರೆಗೆ ತಳ್ಳಿಕೊಂಡು ಹೋದ. ಟೆಂಪೋದವನು ಸರಿದ. ಬ್ಯಾಂಕಿನವನು ಕಾರು ಹಿಂದಕ್ಕೆ ತೆಗೆದ. ಚೌಕದಲ್ಲಿ ಟ್ರಾಫಿಕ್ ಪೊಲೀಸನ ಹೆಸರು ಕೂಗಿದ್ದೇ ತಡ ಅವನು ನಾಲ್ಕೂ ಕಡೆಯ ಗಾಡಿಗಳನ್ನು ನಿಲ್ಲಿಸಿ, ಯಾಕೋ ಅಂಗಿಯ ಗುಂಡಿ ಸರಿಪಡಿಸಿಕೊಂಡ. ಎಲ್ಲರೂ ಒಂದು ಕಾಲದಲ್ಲಿ ಆ ವ್ಯಾನಿನಲ್ಲಿ ಮೂಗು ಸುರಿಸಿಕೊಂಡು ಶಾಲೆಗೆ ಹೋದವರು.

ಅಂಬರನಾಥ ದಾಟಿದ ಮೇಲೆ ಪರಿಚಯದವರು ಮುಗಿದರು. ಉಲ್ಹಾಸನಗರದಲ್ಲಿ ಗಾಡಿ ಸಿಕ್ಕಿಹಾಕಿಕೊಂಡಿತು. ಚಂದ್ರಾಮ ಹಾರ್ನ್ ಒತ್ತಿ ಒತ್ತಿ ಸೋತ. ಜಾನಕಮ್ಮ ಮಾತ್ರ ಕನ್ನಡಕ ಏರಿಸಿ, ಮುಂದಿದ್ದ ಗುರುತಿಲ್ಲದ ಬೋಳುತಲೆಯವನಿಗೆ ಗುರಿಯಿಟ್ಟರು.

"ಏ ನೀಲಿ ಶರ್ಟ್, ಹೋಂವರ್ಕ್ ಝಾಲಾ ಕಾ?"

ಹೋಂವರ್ಕ್ ಆಯಿತೇ ಎಂಬ ಮಾತು ಕಿವಿಗೆ ಬಿದ್ದದ್ದೇ ಐವತ್ತು ದಾಟಿದ ಆ ಮನುಷ್ಯ ಸ್ಕೂಟರು ಸಮೇತ ಫುಟ್‌ಪಾತ್ ಹತ್ತಿದ. ಅವನೊಂದಿಗೆ ಇನ್ನೂ ನಾಲ್ಕೈದು ಮಂದಿ ಹತ್ತಿದರು. ದಾರಿ ತೆರೆಯಿತು.

ಕಲ್ಯಾಣದ ಆಸ್ಪತ್ರೆಯ ಬಾಗಿಲಲ್ಲಿ ಅಂದು ಡ್ಯೂಟಿಯಲ್ಲಿದ್ದವಳು ಶರಣಬಸಮ್ಮನೇ. ಕಿಟ್ಟಣ್ಣನನ್ನು ಒಳಗೆ ಕಳಿಸಿ, ಗೋಡೆಯ ಗಡಿಯಾರ ನೋಡಿ, ಗಂಡನನ್ನು ನೋಡಿದಳು. ಆಕೆ ಹಾಗೆ ನಗುವುದನ್ನು ಚಂದ್ರಾಮ ಡೊಂಬಿವಲಿಗೆ ಬಂದ ಮೇಲೆ ಕಂಡಿರಲಿಲ್ಲ. ಅಲ್ಲೇ ನಿಂತು ಜಾನಕಮ್ಮನಿಗೆ, "ಅಕ್ಕಾರ, ನಾಳಿ ಎಷ್ಟಕ್ಕ ಬರಲಿ?" ಎಂದು ಕೇಳಿದ.

ಆರು ವರ್ಷ ಅವರ ಬಳಿಯೇ ಇದ್ದ. ಮೂರನೆಯ ವರ್ಷದ ಮಳೆಗಾಲದಲ್ಲಿ ಜಾನಕಮ್ಮನ ಗಂಟಲು ಪೂರ್ತಿ ಕಟ್ಟಿತು. ಅವರು ಮಾತಿಲ್ಲದೆ ಮೈಕನ್ನು ಚಂದ್ರಾಮನ ಬಾಯಿಗೆ ಹಿಡಿದರು. ಹಿಂದೆ ಹೆರಿಗೆ ನೋವಿನ ಹೆಣ್ಣುಮಗಳು, ಮುಂದೆ ಕದಲದ ಬಸ್ಸು. ಮರಾಠಿ ಒಂದಕ್ಷರವೂ ನಾಲಗೆಗೆ ಬರಲಿಲ್ಲ. ಹುಟ್ಟಿದಾಗಿನಿಂದ ಕೂಡಿಟ್ಟ ದನಿಯನ್ನೆಲ್ಲ ಒಟ್ಟುಮಾಡಿ ಅವನು ಒದರಿದ.

"ಯಪ್ಪಾ, ಸರೀರಿ ಅತ್ಲಾಗ!"

ಅದು ಯಾವ ಭಾಷೆ, ಏನು ಅಪಾಯ ಎಂದು ಯಾರಿಗೂ ತಿಳಿಯಲಿಲ್ಲ. ಬಸ್ಸಿನವನು ಸರಿದ, ರಿಕ್ಷಾಗಳು ಸರಿದವು, ಒಂದು ಮೆರವಣಿಗೆ ಬ್ಯಾಂಡಿನ ಸಮೇತ ಗಲ್ಲಿಯೊಳಗೆ ನುಗ್ಗಿತು. ಆ ಹೆಣ್ಣುಮಗಳು ಆಸ್ಪತ್ರೆಯಲ್ಲೇ ಸುಖವಾಗಿ ಹೆತ್ತಳು.